ಹಾಳೆಯ ಬೆನ್ನು

೧೪ ಮಾರ್ಚ್ ೨೦೦೧, ಬುಧವಾರ

ಆ ಹಾಳೆಯನ್ನು ಇವತ್ತು ಅಪ್ಪನ ಕೈಗೆ ಕೊಡಬಾರದಿತ್ತು.

ಹೈದರಾಬಾದಿನ ಅಬಿಡ್ಸಿನ ನಮ್ಮ ಪ್ರೆಸ್ಸಿನಲ್ಲಿ ಸರ್ಕಸ್ ಪೋಸ್ಟರಿಗೆ ಬಳಸುತ್ತಿದ್ದ ಮರದ ಅಕ್ಷರಗಳು ದಪ್ಪ, ಎತ್ತರ, ಆದರೆ ಅಗಲ ಕಡಿಮೆ. ಎಷ್ಟು ಉದ್ದದ ಹೆಸರೂ ಒಂದೇ ಸಾಲಿಗೆ ಕೂರುವಂಥವು. ಅವನ್ನೇ ನೋಡಿ ಕಂಪ್ಯೂಟರಿನಲ್ಲಿ ಫಾಂಟ್ ಮಾಡಿ, ಮೊದಲಿಗೆ ಅಪ್ಪನ ಹೆಸರನ್ನೇ ಪ್ರಿಂಟ್ ತೆಗೆದು ತಂದಿದ್ದೆ.

ಸಕ್ಕರೆ ಕಾಯಿಲೆಗೆ ಅಪ್ಪನ ಕಣ್ಣು ಹೋಗಿ ವರ್ಷವಾಯಿತು. ಪ್ರೆಸ್ಸಿನ ರೂಢಿಯಂತೆ ಹಾಳೆ ಮಗುಚಿ, ಅಚ್ಚು ಒತ್ತಿದ ಗುರುತಿಗಾಗಿ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು.

“ಏನೂ ಮೂಡಿಲ್ಲವ್ವಾ ಶೈಲಾ. ಬರೇ ಹಾಳಿ ಕೊಟ್ಟಿಯೇನು?”

“ಮಷೀನ್ ಒತ್ತು ಕಮ್ಮಿ ಆಗೇತಪ್ಪಾ. ನಾಳೆ ಬ್ಯಾರೆ ತರ್ತೀನಿ,” ಎಂದೆ. ಕಂಪ್ಯೂಟರ್ ಪ್ರಿಂಟಿಗೆ ಒತ್ತೇ ಇರುವುದಿಲ್ಲ ಎಂದು ಹೇಳಲಿಲ್ಲ.

ಈಗ ಅದೇ ಹಾಳೆಯನ್ನು ಟವೆಲ್ ಮೇಲಿಟ್ಟು, ಮಸಿ ಮುಗಿದ ಪೆನ್ನಿನಿಂದ ಅಕ್ಷರಗಳ ಅಂಚನ್ನೆಲ್ಲ ಒತ್ತಿದ್ದೇನೆ. ಬೆನ್ನಲ್ಲಿ ಗೆರೆಗಳು ಎದ್ದಿವೆ. ಆ ಹೆಬ್ಬೆರಳು ಮೋಸ ಹೋಗುವುದಿಲ್ಲ, ಗೊತ್ತು. ಆದರೂ ನಾಳೆ ಇದನ್ನೇ ಅಪ್ಪನ ಕೈಗೆ ಕೊಡುತ್ತೇನೆ.