ಮುನ್ನೂರಿಪ್ಪತ್ತರ ಪರದೆ

ಮಾರ್ಚ್ 3, ಸೋಮವಾರ

ಮತ್ತೆ ಗ್ರಂಥಾಲಯದ ವೆಬ್‌ಸೈಟು. ಮುಖಪುಟ ಬದಲಾಯಿಸಬೇಕಂತೆ. ಬೆಳಗಿನಿಂದ ಅಳೆಯುವುದೇ ಕೆಲಸ. ಕಂಪ್ಯೂಟರಿನಲ್ಲಿ ಪುಸ್ತಕಗಳು ಸಾಲಿಗೆ ನಾಲ್ಕು ನಿಲ್ಲಬೇಕು, ಟ್ಯಾಬಿನಲ್ಲಿ ಎರಡು, ಫೋನಿನಲ್ಲಿ ಒಂದರ ಕೆಳಗೊಂದು. ಪುಟ ಒಂದೇ, ಪರದೆ ಸಣ್ಣದಾದಂತೆ ಅದು ಮೈ ಮುದುಡಿಕೊಳ್ಳಬೇಕು. ಈ ಕೆಲಸ ಏನೆಂದು ಅಮ್ಮನಿಗೆ ವಿವರಿಸಲು ಒಮ್ಮೆ ಅರ್ಧ ಗಂಟೆ ಒದ್ದಾಡಿದ್ದೆ. ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ಅಂದಿದ್ದಳು — "ಒಂದೇ ಬಟ್ಟೆ ಮೂರು ಮೈಗೆ ಕೂರೋ ಹಾಗೆ ಹೊಲಿಯೋದು. ಅಷ್ಟೇ ತಾನೇ? ಅದಕ್ಕೆ ಏಸಿ ರೂಮು ಬೇರೆ."

ಮೂರಲ್ಲ, ನಾಲ್ಕು. ನಾಲ್ಕನೆಯದು 320 ಪಿಕ್ಸೆಲ್ ಅಗಲದ್ದು. ಅಷ್ಟು ಸಣ್ಣ ಪರದೆಯ ಫೋನು ಈಗ ಯಾರ ಹತ್ತಿರವೂ ಇಲ್ಲ. ತಂಗಿಯ ಹತ್ತಿರ ಇತ್ತು.

ಇವತ್ತು ಇಷ್ಟು ಸಾಕು.

ಮಾರ್ಚ್ 4, ಮಂಗಳವಾರ

ನಿನ್ನೆ ಅರ್ಧಕ್ಕೆ ಬಿಟ್ಟೆ. ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

ತರ್ಲೆ. ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ಹಾಜರಿಗಷ್ಟೇ ಬಂತು, ಮನೆಯಲ್ಲಿ ತರ್ಲೆಯೇ. ಕೊರಿಯರ್ ಆಫೀಸಿನಲ್ಲಿ ಕೆಲಸ, ಕೈತುಂಬ ಅಲ್ಲದಿದ್ದರೂ ಸಂಬಳ. ಆದರೂ ಆ ಮೂಲೆ ಒಡೆದ ಫೋನನ್ನು ಏಳು ವರ್ಷ ಬಿಡಲಿಲ್ಲ. ಹೊಸದು ಕೊಡಿಸುತ್ತೇನೆ ಎಂದರೆ, "ನಂಗೆ ಹೊಸ ಫೋನ್ ಬಂದ್ರೆ ನಿನ್ನ ತಪ್ಪು ಕಂಡುಹಿಡಿಯೋರು ಯಾರು?" ಅನ್ನುವಳು. ನಿಜವೇ. ನಾನು ಮಾಡಿದ ಪ್ರತಿ ಲೇಔಟೂ ಮೊದಲು ಅವಳ ಫೋನಿಗೇ ಹೋಗುತ್ತಿತ್ತು. ಸಂಬಳವಿಲ್ಲದ ಟೆಸ್ಟರ್.

ನನ್ನದೊಂದು ಅಭ್ಯಾಸ. 320ರ ಲೇಔಟಿನ ತಲೆಯ ಮೇಲೆ ಒಂದು ಸಾಲು ಬರೆದಿಡುವುದು — ತರ್ಲೆ, ಇದು ಕಾಣ್ತಿದ್ರೆ ಹೂಂ ಅನ್ನು. ಬೇರೆ ಯಾವ ಪರದೆಯಲ್ಲೂ ಅದು ಕಾಣುವುದಿಲ್ಲ. ಅವಳಿಗೆ ಕಂಡರೆ ಸರಿಯಾದ ಲೇಔಟೇ ತೆರೆದಿದೆ ಎಂದು ಅರ್ಥ. ವಾಯ್ಸ್ ಮೆಸೇಜ್ ಬರುತ್ತಿತ್ತು. ಮೊದಲು ಒಂದು ಉದ್ದನೆಯ "ಹೂಂ". ಆಮೇಲೆ ದೂರುಗಳು. ಸೈಟು ಬಿಡುಗಡೆ ಮಾಡುವ ಮುಂಚೆ ಆ ಸಾಲು ಅಳಿಸಬೇಕು. ಪ್ರತಿ ಸಲ ಅಳಿಸಿದ್ದೇನೆ.

ಗ್ರಂಥಾಲಯದ್ದನ್ನು ಅವಳು ಆಸ್ಪತ್ರೆಯ ಮಂಚದಿಂದ ನೋಡಿದಳು. ಹೂಂ ಅಂದಳು. ದೂರು ಒಂದೇ, ಅಕ್ಷರ ಸಣ್ಣದು ಅಂತ. ಬರೀ ಜ್ವರ ಅಂದಿದ್ದರು. ಐದನೆಯ ದಿನ ಇರಲಿಲ್ಲ.

ಜುಲೈ. ಎಂಟು ತಿಂಗಳು.

ಮಾರ್ಚ್ 6, ಗುರುವಾರ

ನಮ್ಮ ಆಫೀಸಿನ ಮೇಡಂ ಮೀಟಿಂಗ್ ರೂಮಿನ ದೊಡ್ಡ ಪರದೆಯಲ್ಲಿ ಗ್ರಂಥಾಲಯದ ಸೈಟನ್ನು ತೆರೆದು ತೋರಿಸುತ್ತಿದ್ದರು. ಅಗಲ ಕಡಿಮೆ ಮಾಡುತ್ತ, ಮಾಡುತ್ತ, 320ಕ್ಕೆ ಬಂದರು. ನಿಂತರು. ಜೋರಾಗಿ ಓದಿದರು.

"ತರ್ಲೆ, ಇದು ಕಾಣ್ತಿದ್ರೆ ಹೂಂ ಅನ್ನು. ಏನಿದು?"

ಎಲ್ಲರೂ ನಕ್ಕರು. ಅಳಿಸಿರಲಿಲ್ಲ. ಎಂಟು ತಿಂಗಳಿಂದ ಅಲ್ಲೇ ಇದೆ. ಅವಳು ಹೋದ ಎರಡನೆಯ ವಾರವೇ ಕೆಲಸಕ್ಕೆ ಬಂದು ಕೂತಿದ್ದೆ, ಗಟ್ಟಿಗಿತ್ತಿ ಎಂದು ಹೊಗಳಿದ್ದರು, ಸೈಟನ್ನು ಹಾಗೇ ಬಿಡುಗಡೆ ಮಾಡಿದ್ದೆ.

"ಯಾರು ಈ ತರ್ಲೆ?"

"ಟೆಸ್ಟಿಂಗಿಗೆ ಹಾಕಿದ್ದು ಮೇಡಂ. ತೆಗೆದುಬಿಡ್ತೀನಿ."

"ಆ ಲೇಔಟನ್ನೇ ತೆಗೀರಿ. ದಿನಕ್ಕೆ ಒಬ್ಬರು ನೋಡ್ತಾರೆ, ಅದೂ ಬೆಳಗ್ಗೆ ಆರು ನಲವತ್ತಕ್ಕೆ. ಲೆಕ್ಕ ನೋಡಿ ಇಲ್ಲಿ, ಒಂದು ದಿನಾನೂ ತಪ್ಪಿಲ್ಲ. ಯಾವುದೋ ಮೆಷಿನ್ ಇರ್ಬೇಕು. ಒಬ್ಬರಿಗೋಸ್ಕರ ಒಂದು ಲೇಔಟ್ ಇಟ್ಕೊಳ್ಳೋಕಾಗುತ್ತಾ?"

ಆಗುವುದಿಲ್ಲ. ನಾನೂ ಅದನ್ನೇ ಹೇಳುತ್ತಿದ್ದೆ. ಮನುಷ್ಯರು ಯಾರೂ ಅಷ್ಟು ಸರಿಯಾದ ಹೊತ್ತಿಗೆ ಬರುವುದಿಲ್ಲ. ತರ್ಲೆಯ ಫೋನಂತೂ ಅಮ್ಮನ ಮನೆಯ ಬೀರುವಿನಲ್ಲಿದೆ. ಸ್ವಿಚ್ ಆಫ್ ಮಾಡಿ, ಅವಳ ಬಟ್ಟೆಗಳ ಕೆಳಗೆ ನಾನೇ ಇಟ್ಟು ಬಂದಿದ್ದೇನೆ.

ಮಾರ್ಚ್ 7, ಶುಕ್ರವಾರ

ಅಳಿಸಿದೆ. ಇನ್ನೂರ ಹನ್ನೆರಡು ಸಾಲು ಕೋಡು. ಎರಡು ನಿಮಿಷವೂ ಹಿಡಿಯಲಿಲ್ಲ.

ಸಂಜೆ ಆರಕ್ಕೆ ಹೊಸದು ಲೈವ್ ಹೋಯಿತು. ಮೇಡಂ "ಹಗುರ ಆಯ್ತು ನೋಡಿ" ಅಂದರು. ಸೈಟಿನ ಮಾತು. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಎಂಟು ತಿಂಗಳಿಂದ ಅತ್ತಿರಲಿಲ್ಲ. ಅಳುವುದಕ್ಕೂ ಆಫೀಸೇ ಬೇಕಾಯಿತು ನನಗೆ.

ಮಾರ್ಚ್ 11, ಮಂಗಳವಾರ

ಅಮ್ಮನಿಗೆ ಫೋನ್ ಮಾಡಿದೆ. ಊಟ ಆಯ್ತಾ, ಆಯ್ತು. ಮಂಡಿ ನೋವು ಹೇಗಿದೆ, ಇದೆ. ನಮ್ಮಿಬ್ಬರ ಮಾತು ಈಗೀಗ ಇಷ್ಟೇ. ತರ್ಲೆಯ ಹೆಸರು ನಾನು ಎತ್ತುವುದಿಲ್ಲ, ಎತ್ತಿದರೆ ಅಮ್ಮ ಕುಸಿಯುತ್ತಾಳೆ ಎಂದು. ಅಮ್ಮನೂ ಎತ್ತುವುದಿಲ್ಲ, ಯಾಕೋ ಗೊತ್ತಿಲ್ಲ.

ಇವತ್ತು ದನಿ ಇನ್ನೂ ಬಿಗಿಯಾಗಿತ್ತು. "ನಿಂಗೆ ಕೆಲಸ ಇರುತ್ತೆ, ಇಡು" ಅಂದಳು. ಏನು ತಪ್ಪು ಮಾಡಿದೆನೋ.

ಸೈಟಿನ ಲೆಕ್ಕ ನೋಡಿದೆ. 320ರಿಂದ ಶನಿವಾರ ಒಂದು ದಿನ ಬಂದಿದ್ದಾರೆ, ಆಮೇಲೆ ಸೊನ್ನೆ. ಮೆಷಿನ್ನಿಗೂ ಬೇಸರವಾಗಿರಬೇಕು.

ಮಾರ್ಚ್ 16, ಭಾನುವಾರ

ನಿಧಾನವಾಗಿ ಬರೆಯಬೇಕು.

ಅಮ್ಮನ ಮನೆಗೆ ಹೋದೆ. ಹೊಲಿಗೆ ಮೆಷಿನ್ನಿನ ಮೇಲೆ ಟೇಪು, ಕತ್ತರಿ, ಸೀಮೆಸುಣ್ಣದ ತುಂಡು. ಅವುಗಳ ಪಕ್ಕದಲ್ಲಿ ತರ್ಲೆಯ ಫೋನು. ಚಾರ್ಜಿಗೆ ಹಾಕಿತ್ತು.

"ಇದು ಬೀರುನಲ್ಲಿ ಇತ್ತಲ್ಲಮ್ಮ?"

"ನೀನು ಇಟ್ಟು ಹೋದ ಮಾರನೇ ದಿನಾನೇ ತೆಗೆದೆ. ಅವಳಂತೂ ಒಂದಿನ ನೆಟ್ಟಗೆ ಚಾರ್ಜ್ ಮಾಡಿದೋಳಲ್ಲ. ನಾನಾದ್ರೂ ಮಾಡ್ತೀನಿ." ತಿಂಗಳು ತಿಂಗಳು ರೀಚಾರ್ಜ್ ಕೂಡ ಮಾಡಿಸಿದ್ದಾಳೆ.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.

"ನೀನು ಬರೆಯೋದು ಯಾಕೆ ನಿಲ್ಲಿಸ್ದೆ?"

"ಏನು ಬರೆಯೋದು?"

"ಅದೇ. ತರ್ಲೆಗೆ. ಅವಳು ಪರದೆ ಮೇಲೆ ಒಂದು ಪುಸ್ತಕದ ಗುರುತು ಇಟ್ಕೊಂಡಿದ್ಲು. ಒತ್ತಿದ್ರೆ ಮೇಲ್ಗಡೆ ನಿನ್ನ ಮಾತು ಬರೋದು. ಎದ್ದು ಮುಖ ತೊಳೆದು ಮೊದಲು ಅದನ್ನೇ ನೋಡ್ತಿದ್ದೆ. ದಿನಾ ಅದೇ ಮಾತು. ಇವಳಿಗೆ ಬೇರೆ ಮಾತು ಬರಲ್ವೇನೋ ಅಂದ್ಕೊಂಡೆ. ಇರ್ಲಿ, ಅವಳ ಬದಲು ನಾನು ಹೂಂ ಅಂತಿದ್ದೆ."

ಆರು ನಲವತ್ತು. ಆ ಒಬ್ಬರು ಅಮ್ಮ.

"ಆ ಶನಿವಾರ ತೆಗೆದ್ರೆ ಪುಸ್ತಕ ಎಲ್ಲಾ ಅರ್ಧರ್ಧ ಹೊರಗೆ ಹೋಗಿದ್ವು. ನಿನ್ನ ಮಾತೂ ಇಲ್ಲ. ಫೋನ್ ಕೆಟ್ಟಿದೆ ಅಂತ ಅಂಗಡಿಗೆ ಕೊಟ್ಟೆ. ರೀಸೆಟ್ಟೋ ಏನೋ ಮಾಡ್ದ. ಈಗ ಹೊಸದರ ಹಾಗಿದೆ. ಒಳಗೆ ಏನೂ ಇಲ್ಲ. ಫೋಟೋನೂ ಇಲ್ಲ, ಅವಳ ದನಿನೂ ಇಲ್ಲ." ಫೋನನ್ನು ಮಗುಚಿಟ್ಟು, "ಆಮೇಲೆ ಅನ್ನಿಸ್ತು, ಕೆಟ್ಟಿದ್ದು ಫೋನಲ್ಲ. ನಿಂಗೂ ಸಾಕಾಯ್ತು ಅಂತ."

"ಇಲ್ಲಮ್ಮ."

"ನೀನು ಅವಳ ಹೆಸರು ಎತ್ತಲ್ಲ. ಕಣ್ಣಲ್ಲಿ ಒಂದು ಹನಿ ನೀರು ಹಾಕ್ಲಿಲ್ಲ. ಕಲ್ಲಾಗಿಬಿಟ್ಳಲ್ಲ ಇವಳು ಅಂತ ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲೆ ಇದನ್ನ ನೋಡ್ದೆ. ಓ, ಯಾರಿಗೂ ಹೇಳ್ದೆ ತಂಗಿ ಜೊತೆ ಮಾತಾಡ್ತಾಳೆ, ಪಾಪ, ನಾನ್ಯಾಕೆ ಕೆದಕ್ಲಿ ಅಂತ ಸುಮ್ನಾದೆ."

ಆಗ ನಿಜ ಹೇಳಬಹುದಿತ್ತು. ಅದು ಅಳಿಸಲು ಮರೆತ ಸಾಲು ಅಮ್ಮ, ನಾನು ಒಂದು ದಿನವೂ ಬರೆದಿಲ್ಲ, ಅವಳನ್ನು ನೆನೆಯದಿರಲು ಏನೆಲ್ಲ ಮಾಡಬೇಕೋ ಅಷ್ಟೂ ಮಾಡಿದ್ದೇನೆ ಎಂದು. ಹೇಳಲಿಲ್ಲ.

"ಫೋನೇ ಕೆಟ್ಟಿತ್ತಮ್ಮ. ನಾನು ದಿನಾ ಬರೀತಿದ್ದೆ."

ಅಮ್ಮ ನನ್ನ ತಲೆ ಸವರಿದಳು. ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು.

ಮಾರ್ಚ್ 17, ಸೋಮವಾರ

ಅಂಗಡಿಯವನ ತಪ್ಪಲ್ಲ. ಮೇಡಂ ತಪ್ಪೂ ಅಲ್ಲ. ಕತ್ತರಿಸಿದವಳು ನಾನು. ಯಾರು ನೋಡುತ್ತಾರೆ ಎಂದು ಕತ್ತರಿಸಿದೆ. ಅಮ್ಮನ ಹತ್ತಿರ ಇದ್ದ ತರ್ಲೆಯ ದನಿ ಅದರ ಜೊತೆಗೇ ಹೋಯಿತು.

ನನ್ನ ಫೋನಿನಲ್ಲಿ ನಲವತ್ತೊಂದು ವಾಯ್ಸ್ ಮೆಸೇಜು ಇವೆ. ಒಂದನ್ನೂ ಮತ್ತೆ ಕೇಳಿಲ್ಲ. ಇವೆ ಎಂದು ಅಮ್ಮನಿಗೆ ನಿನ್ನೆಯೂ ಹೇಳಲಿಲ್ಲ. ಎಂಥ ಮಗಳು ನಾನು.

ಮಾರ್ಚ್ 20, ಗುರುವಾರ

ಮೇಡಂ ಹತ್ತಿರ ಹೋಗಿ ಕೇಳಿದೆ. ಆಫೀಸಿನ ಸರ್ವರಿನಲ್ಲಿ ಒಂದು ಪುಟ ಇಟ್ಟುಕೊಳ್ಳಬಹುದಾ, ಸ್ವಂತದ್ದು.

"ಎಷ್ಟು ಜನ ನೋಡ್ತಾರೆ?"

"ಒಬ್ಬರು. ಆರು ನಲವತ್ತಕ್ಕೆ."

ಅವರು ತಲೆ ಎತ್ತಿದರು. ಹೇಳಿದೆ. ತರ್ಲೆ ಯಾರು ಎಂದು ಎರಡು ವಾಕ್ಯದಲ್ಲಿ. ಅದಕ್ಕಿಂತ ಹೆಚ್ಚು ಆಗಲಿಲ್ಲ. ಅವತ್ತು ಎಲ್ಲರೆದುರು ಓದಿದ್ದು ಅವರಿಗೆ ನೆನಪಾಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಇಟ್ಕೊಳ್ಳಿ," ಅಂದರು. ಬಾಗಿಲ ಹತ್ತಿರ ಬಂದಾಗ ಮತ್ತೆ ಕರೆದು, "ಅಕ್ಷರ ದೊಡ್ಡದು ಹಾಕಿ. ಅಮ್ಮಂದಿರಿಗೆ ಕಾಣಲ್ಲ."

ಮಾರ್ಚ್ 23, ಭಾನುವಾರ

ಪುಟಕ್ಕೆ ಒಂದೇ ಲೇಔಟು. ಕಂಪ್ಯೂಟರಿಗಿಲ್ಲ, ಟ್ಯಾಬಿಗಿಲ್ಲ. 320 ಮಾತ್ರ. ಹನ್ನೆರಡು ವರ್ಷದ ನೌಕರಿಯಲ್ಲಿ ಇಷ್ಟು ಚಿಕ್ಕ ಕೆಲಸ ಮಾಡಿಲ್ಲ, ಇಷ್ಟು ಸಲ ಅಳೆದೂ ಇಲ್ಲ.

ಅಮ್ಮನ ಮನೆಗೆ ಹೋಗಿ ಫೋನಿಗೆ ಹಾಕಿಕೊಟ್ಟೆ. ಪರದೆಯ ಮೇಲೆ ಪುಸ್ತಕದ ಗುರುತೇ ಇಟ್ಟೆ. ಅಕ್ಷರ ದೊಡ್ಡದು.

ಆಮೇಲೆ ನನ್ನ ಫೋನು ತೆಗೆದೆ. "ಅಮ್ಮ, ಅವಳ ದನಿ ನನ್ನ ಹತ್ತಿರ ಇದೆ." ಅಮ್ಮ ಮೆಷಿನ್ ನಿಲ್ಲಿಸಿದಳು. ಒತ್ತಿದೆ.

"ಹೂಂ... ಅಕ್ಕಾ, ನಿನ್ನ ಬಟನ್ ಗೋಡೆ ಹಾರಿ ಪಕ್ಕದ ಮನೆಗೆ ಹೋಗಿದೆ. ಕರ್ಕೊಂಡು ಬಾ. ಆಮೇಲೆ ಅಮ್ಮಂಗೆ ಹೇಳು, ನಂದು ಊಟ ಆಗಿದೆ, ಕಾಯೋದು ಬೇಡ."

ಅಮ್ಮ ಮೊದಲು ನಕ್ಕಳು. ನಗುತ್ತಲೇ ಇದ್ದಳು, ಆಮೇಲೆ ಅದು ನಗುವಾಗಿರಲಿಲ್ಲ. ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಜೋರಾಗಿ ಅತ್ತೆ. ನಲ್ಲಿ ಬಿಡದೆ. ಬಟ್ಟೆ ಕೊಡಲು ಬಂದ ಗಿರಾಕಿ ಬಾಗಿಲಲ್ಲೇ ನೋಡಿ ತಿರುಗಿ ಹೋದರು.

ಉಳಿದ ನಲವತ್ತನ್ನು ವಾರಕ್ಕೊಂದು ಕೇಳೋಣ ಎಂದು ಅಮ್ಮನೇ ಅಂದಳು. ಬೇಗ ಮುಗಿಯಬಾರದಂತೆ.

ಹೊರಡುವಾಗ, "ನಾಳೆ ಬರೀತೀಯಲ್ಲ?"

"ದಿನಾ ಬರೀತೀನಲ್ಲಮ್ಮ."

ಮಾರ್ಚ್ 24, ಸೋಮವಾರ, ಬೆಳಗ್ಗೆ 6:25

ಸುಳ್ಳನ್ನು ಇವತ್ತಿನಿಂದ ನಿಜ ಮಾಡಬೇಕು. ಐದೂವರೆಯಿಂದ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ಎಷ್ಟೋ ಇದೆ ಹೇಳಲು. ಅಕ್ಷರ ಸಣ್ಣದು ಎಂದಿದ್ದೆಯಲ್ಲ, ಈಗ ದೊಡ್ಡದು ಮಾಡಿದ್ದೇನೆ ನೋಡು ಎಂದು. ಆಸ್ಪತ್ರೆಯಲ್ಲಿ ಕೂಡ ನಿನ್ನ ಕೈಗೆ ಕೆಲಸ ಕೊಟ್ಟೆನಲ್ಲ ಎಂದು. ಏನು ಬರೆದರೂ ಅಮ್ಮನೂ ಓದುತ್ತಾಳೆ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ.

6:36. ಅಮ್ಮ ಈಗ ಮುಖ ತೊಳೆಯುತ್ತಿರುತ್ತಾಳೆ.

ಹೋಗಲಿ. ನನಗೆ ಬೇರೆ ಮಾತು ಬರುವುದಿಲ್ಲ ಎಂದು ಅಮ್ಮನಿಗೂ ಗೊತ್ತು.

ತರ್ಲೆ, ಇದು ಕಾಣ್ತಿದ್ರೆ