ಮೊಣಕೈಯಷ್ಟು ಎತ್ತರ

ಕ್ಯಾಂಟೀನಿನ ಮೇಲಿನ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೆ? ಹೆರಿಗೆಯಾಗುವವರೆಗೆ ಎಡಮಗ್ಗುಲಿಗೇ ಮಲಗಿರಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಹಾಗೆಯೇ ಮಲಗು, ಬೇಜಾರಾಯಿತೆಂದು ಬಲಕ್ಕೆ ಹೊರಳಬೇಡ. ಹೊಟ್ಟೆಯೊಳಗಿನ ಕೂಸಿಗೂ ಹೇಳಿದ ಮಾತು ಕೇಳುವ ಅಭ್ಯಾಸ ಈಗಿನಿಂದಲೇ ಆಗಲಿ. ಆಸ್ಪತ್ರೆಯ ಊಟಕ್ಕೆ ಉಪ್ಪಿಲ್ಲವೆಂದು ನೀನು ಮುಖ ತಿರುಗಿಸುತ್ತೀಯ ಎಂದು ನಿನ್ನಮ್ಮ ದೂರಿದರು. ಉಪ್ಪಿಲ್ಲದಿದ್ದರೇನು, ಬೇರೆಯವರು ಮಾಡಿ ತಟ್ಟೆಯನ್ನು ಕೈಗೆ ತಂದುಕೊಡುತ್ತಿದ್ದಾರೆ. ನನಗೆ ಈ ಆಯುಷ್ಯದಲ್ಲಿ ಯಾರೂ ಹಾಗೆ ಕೊಟ್ಟಿಲ್ಲ. ಬಾಯಿ ಮುಚ್ಚಿಕೊಂಡು ತಿನ್ನು. ಬೆನ್ನುನೋವು ಹೋಗಿದೆಯೆಂದು ಕೇಳಿ ಸಮಾಧಾನವಾಯಿತು. ಅದು ನಮ್ಮ ಗಿಡ್ಡ ಕೌಂಟರಿನ ಮುಂದೆ ಬಗ್ಗಿ ಬಗ್ಗಿ ಬಂದ ನೋವು. ನಿನ್ನ ಮಾವ ಅದನ್ನು ನನ್ನ ಅಳತೆಗೆ ಮಾಡಿಸಿದ್ದರು. ಮುಂದೆ ಏಣಿಯಂಥ ಸೊಸೆ ಬರುತ್ತಾಳೆಂದು ಅವರಿಗೇನು ಕನಸು ಬಿದ್ದಿತ್ತೆ?

ನಾನು ಗಟ್ಟಿಯಾಗಿದ್ದೇನೆ. ನಿನ್ನ ಗಂಡನೂ ಗಟ್ಟಿಯಾಗಿದ್ದಾನೆ. ಫೋನಿನಲ್ಲಿ ಅವನು "ಇಲ್ಲಿ ಎಲ್ಲಾ ಆರಾಮ, ನೀನು ರೆಸ್ಟ್ ತಗೋ" ಅನ್ನುವ ಮೊದಲು ಒಂದು ಸಲ ಕೆಮ್ಮುತ್ತಾನಲ್ಲ, ಗಮನಿಸಿದ್ದೀಯಾ? ಚಿಕ್ಕಂದಿನಿಂದಲೂ ಸುಳ್ಳು ಹೇಳುವ ಮುಂಚೆ ಅವನಿಗೆ ಕೆಮ್ಮು ಬರುತ್ತದೆ. ನಿನಗೆ ಏನನ್ನೂ ತಿಳಿಸಕೂಡದೆಂದು ನನಗೆ ಆಜ್ಞೆ ಮಾಡಿದ್ದಾನೆ. ಹೆತ್ತವಳಿಗೆ ಆಜ್ಞೆ. ಆದರೆ ನೀನೇನು ಗಾಜಿನ ಬಳೆಯಲ್ಲ, ಈ ಕ್ಯಾಂಟೀನಿನಲ್ಲಿ ನನ್ನ ಬಾಯಿಗೆ ಸಿಕ್ಕಿ ಐದು ವರ್ಷ ಬಾಳಿದವಳು. ಒಂದು ಲೋಟ ನೀರು ಕುಡಿದು ಮುಂದೆ ಓದು.

ನಾಳೆ ಮಧ್ಯಾಹ್ನ ನಮ್ಮ ಕ್ಯಾಂಟೀನು ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗುತ್ತದೆ. ಡಿಪೋಗೆ ಹೊಸ ಮ್ಯಾನೇಜರು ಬಂದಿದ್ದಾರೆ. ಮಾತಿಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಾರೆಂದು ವರ್ಕ್‌ಶಾಪಿನವರು ಅವರಿಗೆ ಆಗಲೇ 'ಗಡಿಯಾರ' ಎಂದು ಹೆಸರಿಟ್ಟಿದ್ದಾರೆ. ಈ ಸಲದ ಚಳಿ ಕೆಟ್ಟದ್ದು. ಪೇಂಟಿಂಗ್ ಸೆಕ್ಷನ್ನಿನಲ್ಲಿ ಅರ್ಧ ಜನ ಕೆಮ್ಮಿ ಮಲಗಿದ್ದಾರೆ, ಬಸ್ಸುಗಳು ಬಣ್ಣವಿಲ್ಲದೆ ನಿಂತಿವೆ. ಡಿಪೋದ ನರ್ಸಮ್ಮ ಬಂದು ನನ್ನ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿದಳು. "ಅಮ್ಮಾ, ಎಲ್ಲಾ ರುಚಿಯಾಗಿದೆ, ಆದ್ರೆ ಎಲ್ಲಾ ಒಂದೇ ಬಣ್ಣ. ಚಳಿಗಾಲದಲ್ಲಿ ಇವರ ಹೊಟ್ಟೆಗೆ ಸೊಪ್ಪು, ಕಿತ್ತಳೆ, ನಿಂಬೆ ಹೋಗ್ಬೇಕು" ಅಂದಳು. ಅವಳ ಮಾತು ಮುಗಿಯುವುದನ್ನೇ ಕಾಯುತ್ತಿದ್ದ ಹಾಗೆ ಯಾವುದೋ ಡಬ್ಬಿ ಊಟದ ಕಂಪನಿಯವನು ಬಂದ. ಅವನ ಡಬ್ಬಿಯಲ್ಲಿ ನಾಲ್ಕು ಖಾನೆ, ಒಂದರಲ್ಲಿ ಹಸಿ ಸೊಪ್ಪು, ಒಂದರಲ್ಲಿ ಕಿತ್ತಳೆ ತೊಳೆ. ಡಬ್ಬಿ ಕೈಗಿಟ್ಟರೆ ಮುಗಿಯಿತು, ಸಾಲೂ ಇಲ್ಲ, ಎಂಜಲು ತಟ್ಟೆಯೂ ಇಲ್ಲ. ಬುಧವಾರ ಅವನದೂ ನಮ್ಮದೂ ಒಟ್ಟಿಗೆ ಬಡಿಸಿ ನೋಡೋಣ ಎಂದು ಗಡಿಯಾರ ತೀರ್ಪು ಕೊಟ್ಟರು. ಕ್ಯಾಂಟೀನು ಹೋದರೆ ಅದರ ಜೊತೆಗೆ ಕೊಟ್ಟಿರುವ ಈ ಮೇಲಿನ ಎರಡು ಕೋಣೆಗಳೂ ಹೋಗುತ್ತವೆ. ನೀನು ತೊಟ್ಟಿಲಿಗೆಂದು ಗುರುತು ಮಾಡಿಟ್ಟ ಕಿಟಕಿಯ ಮೂಲೆಯೂ ಹೋಗುತ್ತದೆ. ನಿನ್ನೆ ಆ ಡಬ್ಬಿಯವನು ಟೇಪು ಹಿಡಿದು ಮೇಲೆ ಬಂದು, ನಾನು ಮಂಚದ ಮೇಲೆ ಕೂತಿದ್ದ ಹಾಗೆಯೇ ಕೋಣೆ ಅಳೆದ. "ಕಾಲು ಸ್ವಲ್ಪ ಮೇಲೆ ತಗೊಳ್ಳಿ ಅಜ್ಜಿ" ಅಂದ. ನಾನು ತೆಗೆಯಲಿಲ್ಲ. ಅವನ ಲೆಕ್ಕದಲ್ಲಿ ಈ ಕೋಣೆ ನನ್ನ ಕಾಲಿನಷ್ಟು ಕಡಿಮೆ ಇದೆ.

ಸೊಪ್ಪು, ಕಿತ್ತಳೆ ಎಂದ ಕೂಡಲೆ ನಿನ್ನ ಗಂಡನಿಗೆ ನೀನು ಚಳಿಯ ಸಂಜೆಗಳಲ್ಲಿ ಮಾಡುತ್ತಿದ್ದ ಬಿಸಿ ಪಾಲಕ್ ಸಲಾಡ್ ನೆನಪಾಯಿತು. ನಾನು ಅದಕ್ಕೆ ಆಡಿನ ಮೇವು ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. ಹೇಗೆ ಮಾಡುತ್ತಿದ್ದಳೋ ಎಂದು ಕೇಳಿದರೆ, "ಚೆನ್ನಾಗಿರ್ತಿತ್ತು" ಅಂದ. ಗಂಡಸರಿಗೆ ತಿಂದದ್ದು ನೆನಪಿರುತ್ತದೆ, ಮಾಡಿದ್ದು ನೆನಪಿರುವುದಿಲ್ಲ. ನಿನ್ನೆ ನಾನೇ ಮಾಡಿದೆ. ನಮ್ಮ ಪದ್ಧತಿ ನಿನಗೆ ಗೊತ್ತು. ಊಟದ ಗಂಟೆ ಹೊಡೆದಾಗ ಮುಚ್ಚಳ ತೆಗೆಯಬೇಕೇ ಹೊರತು ಒಲೆ ಹಚ್ಚಬಾರದು. ಅವರಿಗೆ ಸಿಗುವುದೇ ಅರ್ಧ ಗಂಟೆ ಬಿಡುವು, ಅದರಲ್ಲಿ ಸಾಲಿನಲ್ಲಿ ನಿಲ್ಲಿಸಿದರೆ ಅವರ ಊಟವನ್ನು ನಾವು ಕದ್ದ ಹಾಗೆ ಎಂದು ನಿನ್ನ ಮಾವ ಹೇಳುತ್ತಿದ್ದರು. ಅವರು ಹೋದ ಮೇಲೂ ನಾನು ಒಂದು ದಿನವೂ ಒಬ್ಬರನ್ನೂ ಕಾಯಿಸಿಲ್ಲ. ಹಾಗಾಗಿ ಒಂದು ಗಂಟೆ ಮುಂಚೆಯೇ ಸೊಪ್ಪು ಬಾಡಿಸಿ, ಕಿತ್ತಳೆ ರಸ ಹಾಕಿ ಕುದಿಸಿ, ದೊಡ್ಡ ಪಾತ್ರೆಗೆ ಹಾಕಿ, ಮುಚ್ಚಿ, ಬಿಸಿ ಆರದಂತೆ ಕಂಬಳಿ ಸುತ್ತಿಟ್ಟೆ. ಗಂಟೆ ಹೊಡೆಯಿತು. ತೆರೆದರೆ ಒಳಗೆ ಕೆರೆಯ ತಳ. ಕಪ್ಪು ನೀರು, ಅದರಲ್ಲಿ ತೇಲುವ ತೊಳೆಗಳು, ಬಾಯಿಗಿಟ್ಟರೆ ಕಹಿ. ವೆಲ್ಡರ್ ಪಾತ್ರೆಯೊಳಗೆ ಇಣುಕಿ, "ಅಮ್ಮಾ, ಇದು ಯಾವ ಗಾಡಿದು ಆಯಿಲ್ ಇಳಿಸಿದ್ದು?" ಅಂದ. ಅವನ ತಟ್ಟೆಗೆ ಎರಡು ಸೌಟು ಜಾಸ್ತಿ ಹಾಕಿ, ಮುಗಿಯುವವರೆಗೆ ಎದುರಿಗೇ ನಿಂತಿದ್ದೆ. ತಿಂದ ಪಾಪ. ಉಳಿದವರ ತಟ್ಟೆಯಿಂದ ಅದೆಲ್ಲ ಬಕೆಟ್ಟಿಗೆ ಹೋಯಿತು. ನಮ್ಮ ಬಕೆಟ್ಟು ಅಷ್ಟು ಭಾರವಾದದ್ದನ್ನು ನಾನು ಕಂಡಿರಲಿಲ್ಲ.

ಇವತ್ತು ಬೆಳಗಿನಿಂದ ಮೂರು ಸಲ ಮಾಡಿ ನೋಡಿದೆ. ರಸ ಕುದಿಸದೆ ಹಾಕಿದೆ, ಕಹಿ ಹೋಯಿತು, ಕಪ್ಪು ಹೋಗಲಿಲ್ಲ. ಕಂಬಳಿ ತೆಗೆದೆ, ತಣ್ಣಗಾಗಿ ಎಣ್ಣೆ ಮೇಲೆ ಬಂತು. ಮೂರನೆಯ ಸಲ ಸೊಪ್ಪನ್ನು ಒಲೆಯ ಮೇಲಿಡದೆ, ಹಸಿಯಾಗಿಯೇ ಬೋಗುಣಿಯಲ್ಲಿಟ್ಟು ಬಿಸಿ ಒಗ್ಗರಣೆಯನ್ನು ಅದರ ಮೇಲೆ ಸುರಿದೆ. ಮುಚ್ಚಳ ಹುಡುಕಿಕೊಂಡು ಬರುವಷ್ಟರಲ್ಲಿ ನಿನ್ನ ಗಂಡ ಅದರಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ್ದ. "ಹೀಗೇ ಅಮ್ಮ. ಹೀಗೇ ಇರ್ತಿತ್ತು" ಅಂದ. ಮುಚ್ಚಿಟ್ಟು ಅರ್ಧ ಗಂಟೆಯ ಮೇಲೆ ತೆರೆದರೆ ಮತ್ತೆ ಅದೇ ಕೆರೆ.

ಹಾಗಾದರೆ ಇದನ್ನು ಒಲೆಯಿಂದ ನೇರವಾಗಿ ತಟ್ಟೆಗೆ ಬಡಿಸಬೇಕು. ಅಂದರೆ ಒಲೆ ಕೌಂಟರಿಗೆ ಬರಬೇಕು, ಜನ ತಟ್ಟೆ ಹಿಡಿದು ಕಾಯಬೇಕು. ಹೋದ ವರ್ಷ ನೀನು "ಒಲೇನ ಮುಂದೆ ತರೋಣ ಅತ್ತೆ, ಅವರ ಕಣ್ಣೆದುರಿಗೇ ಮಾಡಿ ಕೊಡೋಣ" ಅಂದಾಗ, ಅಡುಗೆಮನೆಯೇನು ನಾಟಕದ ಕಂಪನಿಯಲ್ಲ ಅಂದಿದ್ದೆ. ನೀನು ಬಗ್ಗಿಕೊಂಡು ತಟ್ಟೆ ಒರೆಸತೊಡಗಿದೆ. ಈಗ ನಿನ್ನನ್ನು ಒಂದೇ ಒಂದು ಮಾತು ಕೇಳಬೇಕಾಗಿದೆ. ಇದನ್ನು ಮುಚ್ಚಿಡುವ ಉಪಾಯ ನಿನಗೇನಾದರೂ

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.

ಬುಧವಾರ, ಸಂಜೆ

ನಿನ್ನೆ ಕಾಗದ ಕೊಡಲಿಲ್ಲ. ನಿನ್ನ ಊರಿಗೆ ಹೋಗುವ ಮಧ್ಯಾಹ್ನದ ಬಸ್ಸಿನವನು, ಬೆಳಿಗ್ಗೆ ಬರುವಾಗ ಉತ್ತರ ತರುತ್ತೇನೆಂದು ಹೇಳಿ ಎರಡು ಸಲ ಹಾರ್ನ್ ಹೊಡೆದ. ನಾನು ಕಿಟಕಿಯಿಂದ ಕೈ ಆಡಿಸಿ ಕಳಿಸಿಬಿಟ್ಟೆ. ಕೇಳಿದ್ದರೆ ನೀನು ಉಪಾಯವಿಲ್ಲ ಎಂದೇ ಬರೆಯುತ್ತಿದ್ದೆ. ಅಷ್ಟು ನನಗೇ ಗೊತ್ತಿತ್ತು.

ಬೆಳಿಗ್ಗೆ ಎದ್ದವಳೇ ಒಲೆಯನ್ನು ಮುಂದಕ್ಕೆ ಎಳೆಸಿದೆ. ನಿನ್ನ ಗಂಡ ಬಾಯಿ ಬಿಟ್ಟುಕೊಂಡು ನೋಡಿದ. ಗ್ಯಾಸಿನ ಪೈಪು ಸಾಲಲಿಲ್ಲ. ವೆಲ್ಡರ್ ಓಡಿಹೋಗಿ ಉದ್ದದ ಪೈಪು ತಂದು ಜೋಡಿಸಿ, ಸೋಪಿನ ನೀರು ಸವರಿ ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಿಕೊಟ್ಟ. "ಇವತ್ತೂ ನನಗೆ ಎರಡು ಸೌಟು ಜಾಸ್ತೀನಾ ಅಮ್ಮಾ?" ಎಂದು ಕೇಳಿಯೂ ಬಿಟ್ಟ. ಒಲೆಯನ್ನು ಕೌಂಟರಿನ ಮೇಲಿಟ್ಟರೆ ಬಾಣಲೆ ನನ್ನ ಗದ್ದಕ್ಕೆ ಬಂತು, ಒಳಗೇನಿದೆಯೆಂದೇ ಕಾಣದು. ಈರುಳ್ಳಿ ಪೆಟ್ಟಿಗೆ ಮಗುಚಿ ಹಾಕಿ ಅದರ ಮೇಲೆ ಹತ್ತಿ ನಿಂತೆ. ಈ ವಯಸ್ಸಿನಲ್ಲಿ, ಇಡೀ ಡಿಪೋದ ಎದುರಿಗೆ.

ಗಂಟೆ ಹೊಡೆಯಿತು. ಆ ಪಕ್ಕದ ಮೇಜಿನಲ್ಲಿ ಡಬ್ಬಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕೈಯಿಂದ ಕೈಗೆ ಹೋದವು. ನನ್ನ ಎದುರಿಗೆ ಖಾಲಿ ತಟ್ಟೆ ಹಿಡಿದ ಸಾಲು. ಗಡಿಯಾರ ಕಂಬಕ್ಕೊರಗಿ ಕೈ ನೋಡಿಕೊಳ್ಳುತ್ತಿದ್ದರು. ಎಣ್ಣೆ ಕಾಯುವುದಕ್ಕೆ ಅಷ್ಟು ಹೊತ್ತು ಬೇಕೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಬೆಳ್ಳುಳ್ಳಿ ಬಿಳಿಯಾಗಿಯೇ ಕೂತಿದೆ, ಬಣ್ಣ ತಿರುಗಲೊಲ್ಲದು. ಸಾಲಿನ ಹಿಂದೆ ಯಾರೋ ತಟ್ಟೆಯ ಮೇಲೆ ಬೆರಳಿನಿಂದ ತಾಳ ಹಾಕಿದರು. ನನ್ನ ಕಿವಿಗೆ ಅದು ನಿನ್ನ ಮಾವನೇ ಕರೆದು ಬೈದ ಹಾಗೆ ಕೇಳಿಸಿತು. ಬಾಣಲೆಯ ಕೆಳಗಿನ ಉರಿಯನ್ನು ಇನ್ನಷ್ಟು ಏರಿಸಿದೆ.

ಆಮೇಲೆ ಬೆಳ್ಳುಳ್ಳಿ ಒಣಹುಲ್ಲಿನ ಬಣ್ಣಕ್ಕೆ ಬಂತು. ಈರುಳ್ಳಿ ಹಾಕಿದೆ, ಕಾಳುಮೆಣಸು ಹಾಕಿದೆ, ಒಲೆ ಆರಿಸಿದ ಮೇಲೆ ಕಿತ್ತಳೆ, ನಿಂಬೆ ಹಿಂಡಿದೆ, ಸೊಪ್ಪಿನ ಮೇಲೆ ಸುರಿದೆ. ಸುರ್ರೆಂದು ಹಬೆ ಎದ್ದು ಕಮಟು ನಾರುವ ಆ ಊಟದ ಕೋಣೆಯ ತುಂಬಾ ಕಿತ್ತಳೆ ಸಿಪ್ಪೆಯ ವಾಸನೆ. ಸೊಪ್ಪು ತಲೆ ಬಾಗಬೇಕು, ಮೂರ್ಛೆ ಹೋಗಬಾರದು. ಎರಡು ಸಲ ಮಗುಚಿ, ತೊಳೆಗಳನ್ನೂ ಹುರಿದ ಕಡಲೆಬೀಜವನ್ನೂ ಉದುರಿಸಿ ಮೊದಲ ತಟ್ಟೆಯನ್ನು ವೆಲ್ಡರಿಗೆ ಕೊಟ್ಟೆ. ಅವನು ಅಲ್ಲೇ ನಿಂತು ತಿಂದ. ತುಟಿ ಒರೆಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಡಬ್ಬಿ ತೆಗೆದುಕೊಂಡವರೂ ಒಬ್ಬೊಬ್ಬರಾಗಿ ಡಬ್ಬಿಯ ಮುಚ್ಚಳವನ್ನೇ ತಟ್ಟೆಯ ಹಾಗೆ ಹಿಡಿದು ಬಂದರು. "ಅಮ್ಮಾ, ಇದು ಬಿಸಿ ಇದೆ, ಅದು ಐಸು" ಎಂದ ಒಬ್ಬ ಪೇಂಟರ್. ಮಾತಾಡಬೇಡ, ಮುಂದಕ್ಕೆ ನಡಿ ಅಂದೆ.

ಆದರೆ ನನ್ನ ಕೈ ಸಾಲಲಿಲ್ಲ ಕಣೆ. ಒಂದು ಬಾಣಲೆ ಇಳಿಸಿ ಇನ್ನೊಂದು ಕಾಯುವಷ್ಟರಲ್ಲಿ ಅರ್ಧ ಗಂಟೆ ಮುಗಿದು ಗಂಟೆ ಹೊಡೆಯಿತು. ಸಾಲಿನಲ್ಲಿ ಇನ್ನೂ ಜನ ಇದ್ದರು. ಅವರು ಖಾಲಿ ತಟ್ಟೆಯಲ್ಲಿ ಬರೀ ರೊಟ್ಟಿ ಹಾಕಿಸಿಕೊಂಡು ಹೋದರು. ಈ ಕ್ಯಾಂಟೀನಿನಿಂದ ಹಾಗೆ ಹೋದವರು ಇವರೇ ಮೊದಲು. ನಾನು ಪೆಟ್ಟಿಗೆಯಿಂದ ಇಳಿಯಲಿಲ್ಲ, ಇಳಿದರೆ ಕೂತುಬಿಡುತ್ತಿದ್ದೆ. ಗಡಿಯಾರ ತಮ್ಮ ತಟ್ಟೆ ಮುಗಿಸಿ ಹತ್ತಿರ ಬಂದರು. ಈ ಚಳಿಗಾಲದಲ್ಲಿ ಡಬ್ಬಿಯವನು ಬೇಡ ಅಂದರು. ಆದರೆ ಬೇಸಿಗೆಗೆ ಮೊದಲು ಮತ್ತೊಮ್ಮೆ ನೋಡುತ್ತಾರಂತೆ, ಅಷ್ಟರೊಳಗೆ ಎಲ್ಲರಿಗೂ ಅರ್ಧ ಗಂಟೆಯೊಳಗೆ ಸಿಗುವಂತಾಗಬೇಕಂತೆ. "ಎರಡನೇ ಒಲೆ, ಎರಡನೇ ಕೈ ಬೇಕಲ್ಲ ಅಮ್ಮ, ಯಾರಿದ್ದಾರೆ?" ಎಂದು ಕೇಳಿದರು. ನಿನ್ನ ಗಂಡ ಬಾಯಿ ತೆರೆದ. ಇದು ಹೆಂಗಸರ ಮಾತು ಎಂದು ನಾನು ಅವನನ್ನು ತಡೆದು, ನೋಡಿ ಹೇಳುತ್ತೇನೆ ಅಂದೆ. ಹೆರಿಗೆಯಾದ ಮೇಲೆ ನೀನು ಈ ಒಲೆಯ ಮುಂದೆ ನಿಲ್ಲುತ್ತೀಯೋ ಇಲ್ಲವೋ ನೀನೂ ಹೇಳಿಲ್ಲ, ನಾನೂ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ. ಬಾಣಂತಿ ಬಾಣಂತಿಯ ಹಾಗೇ ಇರಬೇಕು. ನೀನು ಹೇಳಿದ್ದೇ ಸರಿ ಎಂದೂ ನಾನು ಬರೆಯುತ್ತಿಲ್ಲ, ಒಲೆ ಮುಂದೆ ಬಂದಿದೆ ಎಂದಷ್ಟೇ ಬರೆದಿದ್ದೇನೆ.

ಕಿಟಕಿಯ ಮೂಲೆ ಒರೆಸಿಟ್ಟಿದ್ದೇನೆ. ನಿನ್ನಮ್ಮನಿಗೆ ನನ್ನ ನಮಸ್ಕಾರ ಹೇಳು, ನಿನಗೆ ಕದ್ದು ಉಪ್ಪು ಕೊಡಬಾರದೆಂದೂ ಹೇಳು. ನಿನ್ನ ಮೈ ಗಟ್ಟಿಯಾಗಲಿ, ಕೂಸು ಯಾರಿಗೂ ತೊಂದರೆ ಕೊಡದೆ ಬರಲಿ, ನೂರು ವರ್ಷ ಜೋರಾಗಿ ಅಳುತ್ತಾ ನಗುತ್ತಾ ಬಾಳಲಿ ಎಂದು ಹರಸುವ

ನಿನ್ನ ಅತ್ತೆ

ಮರೆತಿದ್ದೆ. ಕೆಳಗೆ ಬಡಗಿ ಬಂದು ಕೂತಿದ್ದಾನೆ. ಒಲೆ ಮುಂದೆಯೇ ಇರುವುದಾದರೆ ಕೌಂಟರನ್ನು ಕತ್ತರಿಸಿ ಒಲೆಗೊಂದು ಕಟ್ಟೆ ಕೂರಿಸಬೇಕು, ಬಾಣಲೆ ನಿಂತವರ ಮೊಣಕೈಗೆ ಸರಿಯಾಗಿ ಬರಬೇಕಂತೆ. "ನಿಮ್ಮ ಅಳತೆಗೇ ತಾನೆ ಅಮ್ಮಾ?" ಎಂದು ಕೇಳಿದ. ನಾಡಿದ್ದು ಹೇಳುತ್ತೇನೆ ಅಂದಿದ್ದೇನೆ. ಈ ಕಾಗದದ ಮಡಿಕೆಯಲ್ಲಿ ಒಂದು ದಾರ ಇಟ್ಟಿದ್ದೇನೆ. ನೀನು ಏಳಬೇಡ. ಮಲಗಿದ್ದ ಹಾಗೆಯೇ ನಿನ್ನಮ್ಮನ ಕೈಯಲ್ಲಿ ಹಿಮ್ಮಡಿಯಿಂದ ಮೊಣಕೈವರೆಗೆ ಅಳತೆ ತೆಗೆಸಿ, ಗಂಟು ಹಾಕಿಸಿ, ಬೆಳಗಿನ ಬಸ್ಸಿಗೆ ಕಳಿಸು. ಚಪ್ಪಲಿಯ ದಪ್ಪವನ್ನು ನಾನು ಇಲ್ಲಿ ಸೇರಿಸಿಕೊಳ್ಳುತ್ತೇನೆ. ನನಗೆ ಈರುಳ್ಳಿ ಪೆಟ್ಟಿಗೆ ಸಾಕು.