ಹಿರಿಮಗಳಿಗೆ ಬಂದ ರವಿಕೆ

ಮುತಾರೆ, 14 ಆಗಸ್ಟ್ 1998

ಮಾನ್ಯ ಪಾದ್ರಿಯಮ್ಮನವರಿಗೆ,

ಅಮ್ಮ ನಿನ್ನೆ ತೀರಿಕೊಂಡರು, ನಾಳೆ ಸಮಾಧಿ. ಅಲ್ಲಿ ಓದಲು ಅವರ ಬದುಕಿನ ಬಗ್ಗೆ ಬರೆದುಕೊಡು ಎಂದಿದ್ದಿರಿ. ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದು ನಮ್ಮನ್ನು ಸಾಕಿದರು. ಜ್ವರವಿದ್ದರೂ ಗುರುವಾರದ ಸ್ತ್ರೀಯರ ಪ್ರಾರ್ಥನೆ ತಪ್ಪಿಸಲಿಲ್ಲ. ಹಾಡುವಾಗ ಶ್ರುತಿ ತಪ್ಪುತ್ತಿದ್ದರು, ಅದನ್ನೂ ಓದಿ, ಎಲ್ಲರಿಗೂ ಗೊತ್ತಿರುವುದೇ.

ತಾಯಿ ತೀರಿಕೊಂಡರೆ ಅವಳ ಸ್ತ್ರೀಯರ ಸಂಘದ ಕೆಂಪು ರವಿಕೆ ಹಿರಿಮಗಳಿಗೆ ಬರುವುದು ನಮ್ಮ ಸಭೆಯ ರೂಢಿ. ತೊಟ್ಟವಳು ತಾಯಿಯ ಜಾಗದಲ್ಲಿ ನಿಂತು ಮನೆಯನ್ನೂ ಸಂಘವನ್ನೂ ನೋಡಿಕೊಳ್ಳಬೇಕು. ನಿನ್ನೆಯೇ ತ್ಸಿತ್ಸಿ ಚಿಕ್ಕಮ್ಮ ಅದನ್ನು ನನ್ನ ಹೆಗಲಿಗೆ ಹಿಡಿದು ನೋಡಿದರು.

“ನೋಡ್ರೇ, ಇವಳಿಗೇ ಹೊಲಿದಂಗಿದೆ! ಇನ್ನು ಬುಲವಾಯೋ ಗಿಲವಾಯೋ ಅಂತ ಎಲ್ಲಿಗೆ ಹೋಗ್ತೀಯೇ? ನಿಮ್ಮಪ್ಪನಿಗೆ ಸಾದ್ಜಾ ಮುದ್ದೆ ತಿರುವೋರು ಯಾರು?”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಬುಲವಾಯೋದ ನರ್ಸಿಂಗ್ ಶಾಲೆಯಲ್ಲಿ ನನಗೆ ಸೀಟು ಸಿಕ್ಕಿದೆ, ಸೋಮವಾರ ಸೇರಬೇಕು.

ನಾಳೆ ಸಮಾಧಿಯ ಬಳಿ ರವಿಕೆ ತೊಡಿಸಲು ದಯವಿಟ್ಟು ನನ್ನ ಹೆಸರು ಕರೆಯಬೇಡಿ. ಎಲ್ಲರೆದುರು ಕರೆದರೆ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಬೆಳಿಗ್ಗೆ ಹೆಂಗಸರು ಬರುವ ಮೊದಲೇ ಆ ರವಿಕೆಯನ್ನು ಅಮ್ಮನಿಗೇ ತೊಡಿಸಿಬಿಡಬೇಕೆಂದು ನಿರ್ಧರಿಸಿದ್ದೇನೆ.

ನಿಮ್ಮ ಸಭೆಯ ಮಗಳು,
ನ್ಯಾರಾಯಿ